ವಾರಗಿತ್ತಿಯ ಜಿರಳೆ ಮದ್ದು

ನನ್ನ ಅಡುಗೆಮನೆಯಲ್ಲಿ ಜಿರಳೆ ಸಂಸಾರ ಹೂಡಿದೆ ಎಂದು ಕಂಡುಹಿಡಿದವಳು ನನ್ನ ವಾರಗಿತ್ತಿ. ಅದೂ ಮದುವೆಯಾಗಿ ಬಂದ ಎಂಟನೇ ದಿನಕ್ಕೆ! ಬ್ಯಾಟರಾಯನಪುರದ ಆ ಮನೆಯಲ್ಲಿ ಒಂಬತ್ತು ವರ್ಷ ಒಲೆ ನನ್ನದು, ಸಾರು ನನ್ನದು, ಹೊಗಳಿಕೆಯೂ ನನ್ನದೇ. ಮೈದುನನ ಕೈಹಿಡಿದು ಉಡುಪಿ ಕಡೆಯಿಂದ ಬಂದವಳು ಮಿಕ್ಸಿ ಎತ್ತಿ ಅದರ ಅಡಿ ನೋಡಿದಳು.

“ಅಕ್ಕ, ಇದು ಚರಂಡಿಯಿಂದ ಬರುವ ದೊಡ್ಡ ಜಿರಳೆ ಅಲ್ಲ. ಬೆನ್ನ ಮೇಲೆ ಎರಡು ಕಪ್ಪು ಗೆರೆ ಉಂಟು ನೋಡಿ. ಇವು ಮನೆಯೊಳಗೇ ಹುಟ್ಟಿ ಬೆಳೆಯುವ ಜಾತಿ ಮಾರಾಯ್ರೆ.”

“ಗೊತ್ತಮ್ಮ,” ಎಂದೆ. ನನ್ನಾಣೆ ಗೊತ್ತಿರಲಿಲ್ಲ. ಆಗ ಏರ್‌ಪೋರ್ಟ್ ರಸ್ತೆಗೆ ಮೇಲ್ಸೇತುವೆ ಕಟ್ಟುತ್ತಿದ್ದರು. ಮನೆಯಲ್ಲಿ ಏನು ಕಂಡರೂ ಆ ಧೂಳಿನಿಂದಲೇ ಬಂತು ಅನ್ನುತ್ತಿದ್ದವಳು ನಾನು. ಸಂಜೆಯಾದರೆ ಸ್ಪ್ರೇ ಹೊಡೆಯುತ್ತಿದ್ದೆ. ಅವಳು ಅದನ್ನೂ ಬಿಡಿಸಿದಳು. ಸ್ಪ್ರೇ ಹೊಡೆದರೆ ಪಕ್ಕದ ಕೋಣೆಗೆ ಓಡುತ್ತವಂತೆ. ಬೋರಿಕ್ ಪುಡಿ, ಸಕ್ಕರೆ, ಗೋಧಿಹಿಟ್ಟು ಕಲಸಿ ಕಡಲೆಕಾಳಿನಷ್ಟು ಉಂಡೆ ಕಟ್ಟಿ ಫ್ರಿಜ್ ಹಿಂದೆ, ಬೀರುವಿನ ಸಂದಿಗಳಲ್ಲಿ ಇಟ್ಟಳು. ಸಿಂಕಿನ ಕೆಳಗೆ ಒಂದು ಹನಿ ನೀರು ನಿಲ್ಲದಂತೆ ಒರೆಸಿದಳು. ಕಡಲ ತೇವದಲ್ಲಿ ಬೆಳೆದವರಿಗೆ ಇದೆಲ್ಲ ನೀರು ಕುಡಿದಷ್ಟು ಸಲೀಸಂತೆ. ಯಶವಂತಪುರದಿಂದ ದಿನಸಿ ತಂದ ರಟ್ಟಿನ ಡಬ್ಬಗಳನ್ನು ನಾನು ಜೋಪಾನವಾಗಿ ಪೇರಿಸಿಡುತ್ತಿದ್ದೆ. ಮರಿಗಳು ಅವುಗಳ ಮಡಿಕೆಯಲ್ಲೇ ಬರುತ್ತವೆ, ಬಿಸಾಡಿ ಅಕ್ಕ ಎಂದಳು.

ತಿಂಗಳೊಳಗೆ ಅಡುಗೆಮನೆ ಸ್ವಚ್ಛ. ಅತ್ತೆ ಬೀದಿಗೆಲ್ಲ ಡಂಗುರ ಸಾರಿದರು. “ನಮ್ ಚಿಕ್ಕೋಳು ಎಂಗೆ ಬುದ್ಧಿವಂತೆ ನೋಡು! ಇವ್ಳು ಒಂಬತ್ತು ವರ್ಸ ಜಿರ್ಲೆ ಜೊತೆ ಬಾಳ್ವೆ ಮಾಡವ್ಳೆ.” ಮಾರನೆಯ ದಿನ ಸಾರಿನ ಸೌಟೂ ಅವಳ ಕೈಗೆ ಹೋಯಿತು. ತೆಂಗಿನಕಾಯಿ ಸುರಿದು ಸಾರು ಕೆಡಿಸಲಿ ದೇವರೇ ಅಂತ ಬೇಡಿಕೊಂಡೆ. ಹಾಳಾದ್ದು, ಅದೂ ಚೆನ್ನಾಗಿತ್ತು.

ಒಂದು ಮಧ್ಯಾಹ್ನ ಅವಳು ಗಂಡನ ಜೊತೆ ಅಲ್ಲಾಳಸಂದ್ರದ ಕೆರೆ ಕಡೆ ಹೋಗಿದ್ದಳು. ನಾನು ಹಟಕ್ಕೆ ಬಿಸಾಡದೆ ಉಳಿಸಿಕೊಂಡಿದ್ದ ಒಂದು ಡಬ್ಬವನ್ನು ಅಟ್ಟದಿಂದ ಇಳಿಸಿ ಮಡಿಕೆ ಬಿಡಿಸಿದೆ. ಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಹಿಕ್ಕೆ, ನಡುವೆ ಸರಸರ ಓಡುವ ಮರಿಗಳು. ಅವಳು ಹೇಳಿದ್ದು ನಿಜವೇ. ಸುಟ್ಟುಬಿಡಬಹುದಿತ್ತು. ನಾನು ಮಡಿಕೆ ಮುಚ್ಚಿ, ಅವಳ ಕೋಣೆಗೆ ಹೋಗಿ, ಮಂಚದ ಕೆಳಗೆ ಮೂಲೆಗೆ ತಳ್ಳಿ ಬಂದೆ.

ಕೆಲವೇ ವಾರ. ಅವಳ ಧಾರೆ ಸೀರೆಯ ಮಡಿಕೆಯಿಂದ ಜಿರಳೆಗಳು ಉದುರಿದವು, ಅತ್ತೆಯ ಕಣ್ಣೆದುರಿಗೇ. “ತವರಿಂದ ಗಂಟು ಕಟ್ಕೊಂಡು ತಂದವ್ಳೆ ಕಣೆ! ಸಮುದ್ರದ ಕಡೆಯೋರು ಅಂದ್ರೆ ಇಂಗೇಯ,” ಅಂತ ಶುರುಮಾಡಿದವರು ಊಟದ ಹೊತ್ತಾದರೂ ನಿಲ್ಲಿಸಲಿಲ್ಲ. ನಾನು ಸೊಪ್ಪು ಬಿಡಿಸುತ್ತಾ ತಲೆ ತಗ್ಗಿಸಿ ಕೂತಿದ್ದೆ. ಸತ್ಯ ಹೇಳುತ್ತೇನೆ, ಖುಷಿಯಾಗಿತ್ತು.

ಅವಳು ಕೋಣೆಯ ಸಾಮಾನನ್ನೆಲ್ಲ ಹೊರಗೆ ಹಾಕಿದಳು. ಕೊನೆಗೆ ಆ ಡಬ್ಬ ಹಿಡಿದು ಅಂಗಳಕ್ಕೆ ಬಂದಳು. ಅದರ ಮೇಲೆ ನೀಲಿ ಪೆನ್ನಿನಲ್ಲಿ, ನನ್ನದೇ ದಪ್ಪ ಅಕ್ಷರದಲ್ಲಿ ‘ಬೆಲ್ಲ, ಯಶವಂತಪುರ’ ಎಂದಿತ್ತು. ಹಾಗೆ ಬರೆದಿಡುವುದು ನನ್ನ ವಾಡಿಕೆ. ಅತ್ತೆಗೆ ಓದಲು ಬರುತ್ತಿರಲಿಲ್ಲ.

“ಏನೇ ಬರ್ದೈತೆ ಅದರ ಮ್ಯಾಲೆ?” ಎಂದು ಅವಳನ್ನು ಕೇಳಿದರು.

ಅವಳು ನನ್ನನ್ನು ಒಮ್ಮೆ ನೋಡಿದಳು. “ನಮ್ಮ ಊರಿನ ಅಂಗಡಿ ಹೆಸರು ಅತ್ತೆ. ನಾನೇ ತಂದದ್ದು,” ಎಂದು ಡಬ್ಬಕ್ಕೆ ಬೆಂಕಿ ಕೊಟ್ಟಳು.

ಮರುದಿನ ಅತ್ತೆ ಸೌಟು ನನ್ನ ಕೈಗೇ ಕೊಟ್ಟರು. ಅವಳು ಪಕ್ಕದಲ್ಲಿ ನಿಂತು ಹುಣಸೆಹಣ್ಣು ಕಿವುಚಿಕೊಟ್ಟಳು. ಅವಳ ಜಾಗದಲ್ಲಿ ನಾನಿದ್ದಿದ್ದರೆ ಆ ಅಕ್ಷರಗಳನ್ನು ಇಡೀ ಬೀದಿಗೆ ಕೇಳುವಂತೆ ಓದುತ್ತಿದ್ದೆ. ಅದು ನನಗೂ ಗೊತ್ತು, ಅವಳಿಗೂ ಗೊತ್ತು. ಅವಳ ಮೇಲಿನ ಹೊಟ್ಟೆಕಿಚ್ಚು ಅವತ್ತು ಎರಡರಷ್ಟಾಯಿತು.