ಕ್ಷೌರಿಕನ ಘಮಘಮ ಡಬ್ಬಿ

ನಮ್ಮ ಬೀದಿಯ ಕ್ಷೌರಿಕನ ಹೊಟ್ಟೆ ಕೆಟ್ಟ ವರ್ಷ ಅರ್ಧ ಊರಿಗೆ ಒಂದೇ ಕೆನ್ನೆಯಲ್ಲಿ ಗಡ್ಡವಿತ್ತು. ಕತ್ತಿ ಕಿವಿಯಿಂದ ಗಲ್ಲಕ್ಕೆ ಇಳಿಯುವಷ್ಟರಲ್ಲಿ ಅವನ ಮುಖ ಹುಳ್ಳಗಾಗುತ್ತಿತ್ತು. "ಒಂದ್ನಿಮಿಷ ಅಣ್ಣಾ" ಎಂದವನೇ ಹಿತ್ತಲಿಗೆ ಹಾರುತ್ತಿದ್ದ. ತಿರುಗಿ ಬರುವ ಹೊತ್ತಿಗೆ ಬೋಳಿಸಿದ ಕೆನ್ನೆಯಲ್ಲೂ ಕೂದಲು ಮೊಳೆತಿರುತ್ತಿತ್ತು. ಗಿರಾಕಿಗಳು ಮೊದಲು ನಕ್ಕರು, ಆಮೇಲೆ ಎದುರಿನ ಅಂಗಡಿಗೆ ಹೋದರು. ಮನುಷ್ಯ ಎಷ್ಟು ಸೊರಗಿದನೆಂದರೆ, ಅಡ್ಡ ತಿರುಗಿ ನಿಂತರೆ ಅವನದೇ ಕನ್ನಡಿಗೆ ಕಾಣಿಸುತ್ತಿರಲಿಲ್ಲ. ಹೀಗೇ ಬಿಟ್ಟರೆ ಅಂಗಡಿಯೂ ಉಳಿಯುವುದಿಲ್ಲ, ಗಂಡನೂ ಉಳಿಯುವುದಿಲ್ಲ ಎಂದು ಹೆದರಿದ ಹೆಂಡತಿ, ಅವನ ರಟ್ಟೆ ಹಿಡಿದು ಆಸ್ಪತ್ರೆಗೆ ಎಳೆದೊಯ್ದಳು.

ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ ಮುಚ್ಚಳದ ಡಬ್ಬಿಯೊಂದನ್ನು ಕೊಟ್ಟರು. "ಮಲಪರೀಕ್ಷೆ ಮಾಡಿಸಿ. ಊಹೆ ಮೇಲೆ ಮಾತ್ರೆ ಕೊಡಲ್ಲ."

ಊರವರ ಮುಖಕ್ಕೆಲ್ಲ ಸುವಾಸನೆ ಬಳಿದು ಕಳಿಸುವವನಿಗೆ ಆ ಡಬ್ಬಿಯನ್ನು ಲ್ಯಾಬಿನ ಹೆಣ್ಣುಮಗಳ ಕೈಗೆ ಕೊಡುವುದೆಂದರೆ ಜೀವ ಹೋದಂತಾಯಿತು. ಮುಂಜಾನೆ ಹಿತ್ತಲಿನ ಕೆಲಸ ಮುಗಿಸಿ, ಕ್ಷೌರದ ನಂತರ ಹಚ್ಚುವ ಲೋಷನ್ನನ್ನು ಡಬ್ಬಿಗೆ ಧಾರಾಳವಾಗಿ ಸುರಿದು, ಮುಚ್ಚಳ ಬಿಗಿದು ಒಯ್ದ.

ಲ್ಯಾಬಿನಾಕೆ ಮುಚ್ಚಳ ತೆಗೆದವಳು ಬೆಚ್ಚಿದಳು. "ಏನ್ ಮಾವಾ, ಮದುವೆ ಗಂಡಿನ ವಾಸ್ನೆ ಬರ್ತಿದೆ!"

"ನಿಂಗೆ ಹೇಸಿಗೆ ಆಗ್ಬಾರ್ದು ಅಂತ ಸ್ವಲ್ಪ ಲೋಷನ್ ಹಾಕ್ದೆ ಕಣಮ್ಮಾ."

"ನನ್ನ ಮೂಗು ಉಳಿಸೋಕೆ ಹೋಗಿ ಒಳಗಿರೋರನ್ನೆಲ್ಲ ಕೊಂದ್ರಲ್ಲ! ನಾನಿನ್ನು ಯಾರನ್ನ ಹುಡುಕ್ಲಿ? ನಾಳೆ ಬೇರೆ ತನ್ನಿ. ಹೇಗಿದೆಯೋ ಹಾಗೇ."

ಮರುದಿನ ಕಣ್ಣು ಮುಚ್ಚಿಕೊಂಡೇ ಕೊಟ್ಟು ಬಂದ. ಸೂಕ್ಷ್ಮದರ್ಶಕದ ಕೆಳಗೆ ಪರೋಪಜೀವಿಗಳು ಸಿಕ್ಕಿಬಿದ್ದವು. ಬಾಡಿಗೆ ಕೊಡದೆ, ಮನೆ ಖಾಲಿ ಮಾಡದೆ, ಕರುಳಿನಲ್ಲಿ ಸಂಸಾರ ಹೂಡಿದ್ದವು.

"ದೊಡ್ಡ ಕಾಯಿಲೆ ಅಲ್ವಾ ಅಮ್ಮಾ?" ಲ್ಯಾಬಿನ ಚೀಟಿಯನ್ನು ಡಾಕ್ಟರಮ್ಮನ ಮುಂದಿಟ್ಟು ಹೆಂಡತಿ ಕೇಳಿದಳು.

"ಕಾಟ ದೊಡ್ಡದು, ಮಾತ್ರೆ ಚಿಕ್ಕದು" ಎಂದರು ಡಾಕ್ಟರಮ್ಮ. "ಪೂರ್ತಿ ನುಂಗಿಸಿ, ಮಧ್ಯೆ ಬಿಡ್ಬೇಡಿ. ಮನೇಲಿ ಎಲ್ಲರೂ ಕುದಿಸಿದ ನೀರೇ ಕುಡೀರಿ."

ಮಾತ್ರೆ ಮುಗಿದ ಮೇಲೆ ಒಂದು ದಿನ, ಬೆಳಗಿನಿಂದ ಒಮ್ಮೆಯೂ ಹಿತ್ತಲಿಗೆ ಹಾರದೆ ಕೆಲಸ ಮಾಡಿದವನು ಊಟಕ್ಕೆ ಮನೆಗೆ ಬಂದ. ತಟ್ಟೆ ಖಾಲಿಯಾಯಿತು. ಸ್ವಲ್ಪ ಹೊತ್ತು ಅನುಮಾನದಿಂದ ಹೊಟ್ಟೆ ಸವರಿಕೊಂಡು ಕೂತ, ಒಳಗೆ ಸದ್ದಿಲ್ಲ. ಮೆಲ್ಲಗೆ ತಟ್ಟೆಯನ್ನು ಮತ್ತೆ ಮುಂದೆ ಚಾಚಿದ.

"ನಿಧಾನ, ಯಾರೂ ಕಿತ್ಕೊಂಡು ಹೋಗಲ್ಲ" ಎಂದು ಗದರಿದ ಹೆಂಡತಿ, ಅನ್ನ ಬಡಿಸುವ ನೆಪದಲ್ಲಿ ಒಲೆಯತ್ತ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು.