ಮೌಶಿಯ ಜೀಪು, ಎರಡು ನಿಂಬೆಹಣ್ಣು

ಮೌಶಿಯ ಬಲಗೈ ಹೆಬ್ಬೆರಳಿನ ಉಗುರಂಚಿನಲ್ಲಿ ಸದಾ ಕರಿ ಗ್ರೀಸ್ ಇರುತ್ತಿತ್ತು. ಮೇಲೆ ಹಸಿರು ಗಾಜಿನ ಬಳೆ. ಅದೇ ಕೈಯಿಂದ ಜೋಳದ ರೊಟ್ಟಿ ಮುರಿದು ತಟ್ಟೆಗೆ ಹಾಕುವರು. ನಾನು ಉಗುರನ್ನೇ ನೋಡುತ್ತಿದ್ದರೆ, "ತೊಳದೀನೋ, ಹೋಗವಲ್ದು. ತಿನ್ನು ಸುಮ್ಮನ" ಎನ್ನುವರು.

ಧಾರವಾಡದವರು. ಇಲ್ಲಿ ಲಂಡನ್ನಿನ ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯೆಯಾಗಿ ದುಡಿದು ನಿವೃತ್ತರಾಗಿದ್ದರು. ಸಟನ್‌ನ ನಮ್ಮ ಏರುರಸ್ತೆಯಲ್ಲಿ ಎದುರು ಮನೆ. ಬಂದ ಹೊಸದರಲ್ಲಿ ನಾನು ಆಂಟಿ ಎಂದು ಕರೆದೆ. "ಆಂಟಿ ಗೀಂಟಿ ಬ್ಯಾಡ, ಮೌಶಿ ಅನ್ನು" ಎಂದರು. ಅವರ ಕಡೆ ಚಿಕ್ಕಮ್ಮನಿಗೆ ಹಾಗನ್ನುತ್ತಾರೆ. ಅವತ್ತಿನಿಂದ ಮೈಸೂರಿನವನಾದ ನನಗೂ ಒಬ್ಬ ಮೌಶಿ ಸಿಕ್ಕರು.

ಅವರಲ್ಲಿ ಒಂದು ಹಳೆಯ ಪೆಟ್ರೋಲ್ ಜೀಪಿತ್ತು. ಹಿಮ ಬಿದ್ದ ದಿನ ನರ್ಸುಗಳನ್ನೂ ರೋಗಿಗಳನ್ನೂ ಆಸ್ಪತ್ರೆಗೆ ಮುಟ್ಟಿಸುವ ಸ್ವಯಂಸೇವಕರಲ್ಲಿ ಅವರೂ ಒಬ್ಬರು. ಲಂಡನ್ನಿನಲ್ಲಿ ಹಿಮ ನೆಲದ ಮೇಲೆ ನಿಲ್ಲುವುದೇ ಅಪರೂಪ. ಅದಕ್ಕೆ ಇಷ್ಟು ದೊಡ್ಡ ಗಾಡಿಯೇ ಎಂದು ಬೀದಿಯವರೆಲ್ಲ ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಆಮೇಲೆ ನನ್ನ ಕಿಡ್ನಿ ಕೈಕೊಟ್ಟಿತು. ವಾರಕ್ಕೆ ಮೂರು ಸಲ ಡಯಾಲಿಸಿಸ್ ಶುರುವಾಯಿತು.

ಆ ಚಳಿಗಾಲ ಮೌಶಿ ಜೀಪಿನ ಹಿಂದಿನ ಡಿಫರೆನ್ಷಿಯಲ್ ಬದಲಿಸಲು ಹೊರಟರು. ಎರಡು ಚಕ್ರಗಳ ನಡುವೆ ಇರುವ ಹಲ್ಲುಚಕ್ರಗಳ ಡಬ್ಬಿ ಅದು. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕಲ್ಲ, ಅದಕ್ಕಾಗಿ ಎರಡೂ ಬೇರೆ ಬೇರೆ ವೇಗದಲ್ಲಿ ಉರುಳಲು ಬಿಡುತ್ತದೆ. ಆದರೆ ಒಂದು ಚಕ್ರ ಹಿಮದಲ್ಲಿ ಜಾರಿತೋ, ಅದೊಂದೇ ಗಿರಗಿರ ಸುತ್ತುತ್ತದೆ. ಗಟ್ಟಿ ನೆಲ ಸಿಕ್ಕಿದ ಚಕ್ರ ತಣ್ಣಗೆ ನಿಂತುಬಿಡುತ್ತದೆ. ಆಗ ಎರಡನ್ನೂ ಒಟ್ಟಿಗೆ ಕಟ್ಟಿಹಾಕುವ ಲಾಕರ್ ಬೇಕು.

ಕ್ಯಾನರಿ ವಾರ್ಫಿನ ಆಫೀಸಿನಲ್ಲಿ ಕೂತು ನಾನು ಇದನ್ನೆಲ್ಲ ಓದಿಕೊಂಡಿದ್ದೆ. "ತಾನೇ ಲಾಕ್ ಆಗೋದು ತಗೊಳ್ಳಿ ಮೌಶಿ, ಮರೆಯೋ ಭಯ ಇರಲ್ಲ" ಎಂದೆ.

"ಹಂಗಲ್ಲೋ ತಮ್ಮಾ. ವಾಲಿದ ರಸ್ತೆ ಮ್ಯಾಲೆ ಎರಡೂ ಗಾಲಿ ಕೂಡೇ ಜಾರಿದ್ರ ಗಾಡಿ ಅಡ್ಡ ಹೊಳ್ಳತದ. ನನಗ ಸ್ವಿಚ್ ಇರೋದ ಬೇಕು. ಮಂದೀನ್ನ ಮಲಗಸೋದು ದೊಡ್ಡ ಮಾತಲ್ಲ, ಎಬ್ಬಸೋದು ನಮ್ಮ ಕೈಯಾಗ ಇರಬೇಕು. ಇದೂ ಹಂಗ. ಕಟ್ಟೋದಕ್ಕಿಂತ ಬಿಚ್ಚೋದು ಮುಖ್ಯ."

ಪಾರ್ಕ್ ರಾಯಲ್‌ನ ಗ್ಯಾರೇಜಿನಲ್ಲಿ ಅದನ್ನೇ ಹಾಕಿಸಿಕೊಂಡು ಬಂದು ಪೂಜೆ ಮಾಡಿದರು. ಎಂಥ ಪೂಜೆ! ಮನೆಮುಂದಿನ ಇಳಿಜಾರಿನಲ್ಲಿ ಒಂದು ಹಿಂದಿನ ಚಕ್ರದ ಕೆಳಗೆ ಸಾಬೂನು ನೀರು ಸುರಿದ ಪ್ಲಾಸ್ಟಿಕ್ ಹಾಳೆ. ಒಣ ನೆಲದ ಮೇಲಿದ್ದ ಇನ್ನೊಂದರ ಮುಂದೆ ಅರಿಶಿನ ಕುಂಕುಮ ಹಚ್ಚಿದ ನಿಂಬೆಹಣ್ಣು. ಹಿಂದಿನ ಎರಡು ಚಕ್ರಗಳನ್ನು ಮಾತ್ರ ಓಡಿಸುವ ಗೇರಿನಲ್ಲಿ ಮೆಲ್ಲಗೆ ಆಕ್ಸಿಲರೇಟರ್ ಒತ್ತಿದರು. ಹಾಳೆಯ ಮೇಲಿನ ಚಕ್ರ ನೊರೆ ಎಬ್ಬಿಸಿತು, ನಿಂಬೆ ಅಲುಗಲಿಲ್ಲ. ನಿಲ್ಲಿಸಿ, ಸ್ವಿಚ್ ಒತ್ತಿ ಮತ್ತೆ ಮುಂದೆ ಬಿಟ್ಟರು. ನಿಂಬೆ ಅಪ್ಪಚ್ಚಿಯಾಯಿತು. "ಪೂಜಾನೂ ಆತು, ಪರೀಕ್ಷಾನೂ ಆತು" ಎಂದು ಮೌಶಿ ಚಿಕ್ಕ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದರು.

ಜನವರಿಯಲ್ಲಿ ಹಿಮ ಬಿತ್ತು. ಅಂದು ನನ್ನ ಡಯಾಲಿಸಿಸ್ ಸರದಿ. ಹಿಂದಿನ ಸಲ ಮೈ ಸರಿಯಿಲ್ಲದೆ ಅರ್ಧಕ್ಕೇ ನಿಲ್ಲಿಸಿದ್ದರು; ಕಾಲು ಊದಿತ್ತು, ಮಲಗಿದರೆ ಉಸಿರು ಕಟ್ಟುತ್ತಿತ್ತು. ತಪ್ಪಿಸುವ ಹಾಗೇ ಇರಲಿಲ್ಲ. ಆಸ್ಪತ್ರೆಯ ವ್ಯಾನು ನಮ್ಮ ಏರು ಹತ್ತುವುದಿಲ್ಲ ಎಂದು ಫೋನ್ ಬಂತು. ಹೆಂಡತಿ ಎದುರು ಮನೆಗೆ ಓಡಿದಳು.

ಹೊರಟು ಸ್ವಲ್ಪ ದೂರಕ್ಕೇ ಜೀಪಿನ ಎಡಗಡೆಯ ಎರಡೂ ಚಕ್ರ ಫುಟ್‌ಪಾತಿನ ಪಕ್ಕದ ಹಿಮದ ರಾಶಿಗೆ ಇಳಿದು ಸುಮ್ಮನೆ ಸುತ್ತತೊಡಗಿದವು. ಮೌಶಿ ಸ್ವಿಚ್ ಒತ್ತಿದರು. ಬಲಗಡೆಯ ಹಿಂದಿನ ಚಕ್ರ ಕಚ್ಚಿ ಹಿಡಿದು ಗಾಡಿಯನ್ನು ಎಳೆದು ರಸ್ತೆಗೆ ಹಾಕಿತು. ನನಗೆ ಅಳು ಬಂತು. ಮುಂದೆ ವಾಲಿದ ತಿರುವು. ಅಲ್ಲೊಂದು ಕಾರು ಅಡ್ಡ ತಿರುಗಿ ಗೋಡೆಗೆ ಒರಗಿತ್ತು. ಮೌಶಿಯ ಕೈ ಮತ್ತೆ ಸ್ವಿಚ್ಚಿಗೆ ಹೋಯಿತು.

"ತೆಗೀಬೇಡಿ ಮೌಶಿ! ಆನ್ ಇರಲಿ!" ಎಂದು ಕಿರುಚಿದೆ.

"ಬಾಯಿ ಮುಚ್ಚು" ಎಂದು ಆಫ್ ಮಾಡಿದರು. ಜೀಪು ಹುಷಾರಾಗಿ, ನೆಟ್ಟಗೆ ತಿರುಗಿತು.

ಆಸ್ಪತ್ರೆಯಲ್ಲಿ ಯಂತ್ರದಿಂದ ನನ್ನನ್ನು ಬಿಡಿಸುವವರೆಗೂ ಅಲ್ಲೇ ಕೂತಿದ್ದು ಮನೆಗೆ ಕರೆತಂದರು. ಥ್ಯಾಂಕ್ಸ್ ಎಂದರೆ ಬೈದರು.

ಆಮೇಲೆ ನನಗೆ ಕಿಡ್ನಿ ಕಸಿಯಾಯಿತು. ಎಲ್ಲರಿಗಿಂತ ಹೆಚ್ಚು ಕುಣಿದವರು ಮೌಶಿಯೇ. ಮುಂದಿನ ಬೇಸಿಗೆಯಲ್ಲಿ ಅವರೇ ಹೋಗಿಬಿಟ್ಟರು, ಕೆಲವೇ ದಿನಗಳ ಕಾಯಿಲೆಯಲ್ಲಿ. ಅವರ ಮಗಳು ಜೀಪಿನ ಕೀಲಿ ನನ್ನ ಕೈಗಿಟ್ಟು, "ಶಿ ಸೆಡ್ ಇಟ್ಸ್ ಯುವರ್ಸ್" ಎಂದಳು. ನಾನಿವತ್ತು ಉಸಿರಾಡುತ್ತಿರುವುದರಲ್ಲಿ ಮೌಶಿಯ ಪಾಲಿದೆ. ಆ ಋಣ ತೀರುವಂಥದ್ದಲ್ಲ, ತೀರುವುದು ನನಗೆ ಬೇಕಾಗಿಯೂ ಇಲ್ಲ.

ಈ ಸಲ ಹಿಮ ಬಿದ್ದ ಬೆಳಿಗ್ಗೆ ಹಿಂದಿನ ಎರಡೂ ಚಕ್ರಗಳ ಮುಂದೆ ನಿಂಬೆಹಣ್ಣು ಇಟ್ಟು, ಸ್ವಿಚ್ ಒತ್ತಿ ಮುಂದೆ ಬಿಟ್ಟೆ. ಎರಡೂ ಅಪ್ಪಚ್ಚಿಯಾದವು. ಕೆಳಗಿನ ಬೀದಿಯಿಂದ ಡಯಾಲಿಸಿಸ್ಸಿಗೆ ಹೊರಟಿದ್ದ ಮುದುಕರೊಬ್ಬರನ್ನು ಹತ್ತಿಸಿಕೊಂಡೆ. ಅವರ ಬಾಗಿಲ ಮುಂದಿನ ಹಿಮದಿಂದ ಲಾಕರ್ ನಮ್ಮನ್ನು ಎಳೆದು ತಂದಿತು. ಮುಂದೆ ವಾಲಿದ ತಿರುವು ಬಂತು. ನನ್ನ ಕೈ ಸ್ವಿಚ್ಚಿಗೆ ಹೋದದ್ದು ಕಂಡು ಅವರು, "ಲೀವ್ ಇಟ್ ಆನ್, ಪ್ಲೀಸ್!" ಎಂದು ಕೂಗಿಕೊಂಡರು.

ಬಾಯಿ ಮುಚ್ಚು ಎನ್ನುವ ಅಧಿಕಾರ ನನಗಿರಲಿಲ್ಲ. ಆಫ್ ಮಾತ್ರ ಮಾಡಿದೆ. ಜೀಪು ನೆಟ್ಟಗೆ ತಿರುಗಿತು.