ನರ್ಸಮ್ಮನ ಡಬ್ಬಿಯ ಮೊಸರನ್ನ

ಇವತ್ತು ಅಕ್ಕಿ ಆರಿಸಿದೆ, ಬೆಳಿಗ್ಗೆಯೇ ಹಾಲಿಗೆ ಹೆಪ್ಪು ಹಾಕಿದೆ, ತವರಿಗೆ ಬಂದಿರುವ ಮಗಳ ರವಿಕೆಯ ಹೊಲಿಗೆ ಬಿಚ್ಚಿ ಸಡಿಲ ಮಾಡಿದೆ. ಸೂಜಿ ಹಿಡಿದಾಗ ಶ್ರೀರಾಂಪುರದ ಕ್ಲಿನಿಕ್ಕಿನ ನರ್ಸಮ್ಮ ನೆನಪಾದರು.

ಗಂಡಿನ ಕಡೆಯವರು ನೋಡಲು ಬರುವ ಮೊದಲು ಮಗಳು ಅದರಿಂದ ತೆಳ್ಳಗಾಗುತ್ತಾಳೆಂದು ನಂಬಿ ವಾರವಾರ ಅವರಲ್ಲಿ ವಿಟಮಿನ್ ಇಂಜೆಕ್ಷನ್ ಹಾಕಿಸುತ್ತಿದ್ದೆ. ಹತ್ತಿ ಒತ್ತುತ್ತಾ ಅವರು ಪ್ರತಿ ಸಲವೂ ಹೇಳುತ್ತಿದ್ದರು: "ಇದು ಶಕ್ತಿಗೆ ಕಣಮ್ಮ, ಊಟ ಬುಡಿಸ್ಬೇಡಿ." ನಾನೋ, ದೇವರ ಹೆಸರು ಹೇಳಿ ಅವಳ ಸೋಮವಾರದ ಉಪವಾಸದ ಜೊತೆಗೆ ಶನಿವಾರವನ್ನೂ ಸೇರಿಸಿದ್ದೆ.

ಒಂದು ಶನಿವಾರ, "ಮಗೂಗೆ ಊಟ ಆಯ್ತಾ?" ಎಂದು ಕೇಳಿದರು.

"ಆಯ್ತು ಸಿಸ್ಟರ್" ಎಂದೆ.

ಸೂಜಿ ತೆಗೆಯುವಷ್ಟರಲ್ಲಿ ಮಗಳು ಕುಸಿದಳು. ಅವಳು ಕಣ್ಣು ಬಿಟ್ಟ ಮೇಲೆ ನರ್ಸಮ್ಮ ತಮ್ಮ ಡಬ್ಬಿಯ ಮೊಸರನ್ನವನ್ನು ತುತ್ತು ಮಾಡಿ ತಿನ್ನಿಸುತ್ತಾ, "ಇದು ಎರಡನೇ ಊಟ ಅಂದ್ಕೋ ಪುಟ್ಟಿ" ಎಂದರು. ನನ್ನತ್ತ ನೋಡಲೂ ಇಲ್ಲ. ನಾನು ಸುಳ್ಳು ಹೇಳಿದೆನೆಂದು ಅವರ ಮುಂದೆ ಒಪ್ಪಿಕೊಳ್ಳುವ ಮೊದಲೇ ಅವರು ಕೆಲಸ ಬಿಟ್ಟು ಬೇರೆ ಊರಿಗೆ ಹೋಗಿದ್ದರು.

ಇವತ್ತು ರಾತ್ರಿಗೆ ಮೊಸರನ್ನ ಕಲಸಿದ್ದೆ. ಮಗಳು ಎರಡು ಸಲ ಹಾಕಿಸಿಕೊಂಡಳು. ಹೊಟ್ಟೆ ತುಂಬಿ, ಮನೆಯಲ್ಲಿ ಎಲ್ಲರಿಗಿಂತ ಮೊದಲು ಮಲಗಿದ್ದೂ ಅವಳೇ.